ಕೈ ಕೊಟ್ಟವರು ಹಾಡುವುದಿಲ್ಲ

ಅಡಿಕೆ ಸುಲಿಯೋ ರಾತ್ರಿಗಳಲ್ಲಿ ನಮ್ಮನೆ ಅಂಗಳದಲ್ಲಿ ಹಾಡು ಇರಲೇಬೇಕಿತ್ತು. ಮೊದಲು ಆಕಾಶವಾಣಿ ಭದ್ರಾವತಿ, ಅದು ಮುಗಿದ ಮೇಲೆ ಟೇಪ್ ರೆಕಾರ್ಡರ್. ಕ್ಯಾಸೆಟ್ಟಿನಲ್ಲಿ ‘ನೂರೊಂದು ನೆನಪು’ ಶುರುವಾದರೆ ಮೆಟ್ಟುಗತ್ತಿ ಮೇಲೆ ಕೂತಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸ್ತಿದ್ರು. ಮುಗಿದ ಮೇಲೆ ಯಾರಾದರೊಬ್ಬರು, “ಪಾಪ, ಎಂಥಾ ಮನುಷ್ಯನಿಗೆ ಕೈ ಕೊಟ್ಲು ನೋಡು ಅವಳು” ಅನ್ನೋರು.

ನಾನೂ ಹಾಗೇ ನಂಬಿಕೊಂಡು ಬೆಳೆದೆ. ಬಿಇ ಹಾಸ್ಟೆಲ್ಲಿನಲ್ಲಿ ಯಾವನಿಗಾದರೂ ಹುಡುಗಿ ಕೈ ಕೊಟ್ಟರೆ ರಾತ್ರಿ ಹನ್ನೊಂದಕ್ಕೆ ಇದೇ ಹಾಡು ಹಾಕ್ತಿದ್ವಿ. ಅದು ಮೋಸ ಹೋದವರ ನಾಡಗೀತೆ ಆಗಿತ್ತು.

ಮೊನ್ನೆ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಮುಕ್ಕಾಲು ಗಂಟೆ ನಿಂತಿತ್ತು. ಕಿವಿಯಲ್ಲಿ ಎಸ್‌ಪಿಬಿ. ಮಾಡಲು ಬೇರೆ ಕೆಲಸ ಇಲ್ಲದ್ದರಿಂದ ಆರ್. ಎನ್. ಜಯಗೋಪಾಲ್ ಬರೆದ ಆ ಸಾಲುಗಳನ್ನು ಮೊದಲ ಸಲ ಪೂರ್ತಿ ಗಮನ ಇಟ್ಟು ಕೇಳಿದೆ. ಆಶ್ಚರ್ಯ ಆಯ್ತು. ಹಾಡಿನಲ್ಲಿ ನೋವಿದೆ, ನೆನಪಿದೆ, ಹಾರೈಕೆಯೂ ಇದೆ. ಆದರೆ ದೂರು ಇಲ್ಲ. ‘ನೀನು ಮೋಸ ಮಾಡಿದೆ’ ಅನ್ನೋ ಮಾತು ಎಲ್ಲೂ ಇಲ್ಲ.

ಕಥೆ ನೆನಪು ಮಾಡಿಕೊಂಡರೆ ಅದು ಸರಿಯೇ. ಉಷಾ ನವರತ್ನರಾಂ ಅವರ ಕಾದಂಬರಿ ಆಧರಿಸಿ ರಾಜೇಂದ್ರ ಸಿಂಗ್ ಬಾಬು 1984ರಲ್ಲಿ ತೆಗೆದ ‘ಬಂಧನ’ದಲ್ಲಿ ಡಾಕ್ಟರ್ ಹರೀಶ್‌ಗೆ ನಂದಿನಿ ಮೇಲೆ ಪ್ರೀತಿ. ಅವಳ ಪಾಲಿಗೆ ಅವನು ಒಳ್ಳೆಯ ಸ್ನೇಹಿತ. ಅವನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಅವಳ ಮದುವೆ ಬೇರೆಯವನ ಜೊತೆ ಗೊತ್ತಾಗಿರುತ್ತೆ. ಅವಳು ಮಾತು ಕೊಟ್ಟಿರಲಿಲ್ಲ. ಕೊಡದೇ ಇದ್ದ ಮಾತನ್ನು ಮುರಿಯೋದು ಹೇಗೆ? ಹರೀಶ್‌ಗೆ ಇದು ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ನಮ್ಮ ಅಂಗಳಕ್ಕೆ, ಆಮೇಲೆ ನಮ್ಮ ಹಾಸ್ಟೆಲ್ಲಿಗೆ. ನಮ್ಮ ನಮ್ಮ ಸಿಟ್ಟನ್ನು ತಂದು ಆ ಹಾಡಿನೊಳಗೆ ಇಟ್ಟು, ಹಾಡೇ ಹಾಗೆ ಹೇಳ್ತಿದೆ ಅಂದುಕೊಂಡೆವು.

ಹಾಗಾದರೆ ದ್ರೋಹ ಅಂದ್ರೆ ಏನು? ಪುಣ್ಯಕೋಟಿಯ ಕಥೆ ತಗೊಳ್ಳಿ. ಅವಳು ಹುಲಿಗೆ ವಾಪಸ್ ಬರ್ತೀನಿ ಅಂತ ಮಾತು ಕೊಟ್ಟಿದ್ದಳು. ಬರದೇ ಇದ್ದಿದ್ದರೆ ಅದು ದ್ರೋಹ. ಲೆಕ್ಕ ಸರಳ: ಮಾತು ಇದ್ದರೆ ದ್ರೋಹ ಸಾಧ್ಯ, ಇಲ್ಲದಿದ್ದರೆ ಅದು ಬರೀ ನಿರಾಸೆ. ನಿರೀಕ್ಷೆ ಇಟ್ಟುಕೊಂಡವನದ್ದೇ ಜವಾಬ್ದಾರಿ. ಬಸ್ಸು ಅಲ್ಲಾಡುವ ಹೊತ್ತಿಗೆ ಈ ಸೂತ್ರ ಸಿಕ್ಕಿ ಖುಷಿಯಾಗಿದ್ದೆ. ಬೊಮ್ಮನಹಳ್ಳಿ ಬರುವಷ್ಟರಲ್ಲಿ ಖುಷಿ ಇಳಿದುಹೋಯ್ತು. ಯಾಕಂದ್ರೆ ತಮ್ಮ ನೆನಪಾದ.

ಅಪ್ಪನಿಗೆ ಮಂಡಿನೋವು ಶುರುವಾದ ವರ್ಷ ತಮ್ಮ ಡಿಪ್ಲೊಮಾ ಮುಗಿಸಿದ್ದ. ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ತೋಟ ನೋಡೋರು ಯಾರು ಅನ್ನೋ ಮಾತು ಬಂತು. ನಾನಂದೆ, “ಸದ್ಯ ನೀನಿರು. ಒಂದೆರಡು ವರ್ಷ ನಂಗೆ ಅನುಭವ ಆಗ್ಲಿ, ಆಮೇಲೆ ಊರಿಗೆ ಬರೋ ವಿಚಾರ ನೋಡೋಣ.” ಅವನು ಉಳಿದ. ಪ್ರತಿ ಹಬ್ಬಕ್ಕೆ ಹೋದಾಗಲೂ ಕೇಳೋನು, “ಏನಣ್ಣ, ಯಾವಾಗ?” ಪ್ರತಿ ಸಲವೂ ನಾನು, “ನೋಡೋಣ.”

2014ರ ಹೊತ್ತಿಗೇ ನಂಗೆ ಗೊತ್ತಿತ್ತು, ನಾನು ವಾಪಸ್ ಹೋಗಲ್ಲ ಅಂತ. ಫ್ಲಾಟ್ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟ ಮೇಲೆ ಅವನಿಗೆ ಫೋನ್ ಮಾಡಿದೆ. “ಒಳ್ಳೇದಾಯ್ತು ಬಿಡಣ್ಣ” ಅಂದ. ಗೃಹಪ್ರವೇಶಕ್ಕೆ ರಾತ್ರಿ ಬಸ್ಸಿನಲ್ಲಿ ತೋಟದ ಬಾಳೆಗೊನೆ, ಸಿಂಗಾರ ಹೊತ್ತುಕೊಂಡು ಬಂದು ಅವನೇ ಬಾಗಿಲಿಗೆ ಕಟ್ಟಿದ.

ನನ್ನ ಸೂತ್ರದ ಪ್ರಕಾರ ನಾನು ನಿರಪರಾಧಿ. ನಾನು ಮಾತು ಕೊಟ್ಟಿರಲಿಲ್ಲ. ‘ನೋಡೋಣ’ ಅಂದಿದ್ದೆ ಅಷ್ಟೇ. ಆದರೆ ನಂದಿನಿಗೂ ನನಗೂ ಒಂದು ವ್ಯತ್ಯಾಸ ಇದೆ. ಹರೀಶ್ ಏನು ಅಂದುಕೊಂಡಿದ್ದಾನೆ ಅನ್ನೋದು ಅವಳಿಗೆ ಗೊತ್ತಿರಲಿಲ್ಲ. ತಮ್ಮ ಏನು ಅಂದುಕೊಂಡಿದ್ದಾನೆ ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಆ ನಂಬಿಕೆಯ ಮೇಲೆ ತೋಟ ನಡೀತಿತ್ತು, ಅಪ್ಪನ ಆಸ್ಪತ್ರೆ ಓಡಾಟ ನಡೀತಿತ್ತು, ಇಲ್ಲಿ ನನ್ನ ಕೆಲಸ ನಿಶ್ಚಿಂತೆಯಿಂದ ನಡೀತಿತ್ತು. ನಂಬಿಕೆ ಸುಳ್ಳು ಅಂತ ಗೊತ್ತಿದ್ದೂ ಅದರ ಲಾಭ ತಿಂತಾ ಸುಮ್ಮನಿದ್ದೆ. ಕೊಟ್ಟ ಮಾತು ಮುರಿಯೋದು ದ್ರೋಹದ ಒಂದು ರೂಪ. ಆಡಬೇಕಾದ ಮಾತು ಆಡದೇ ಇರೋದು ಇನ್ನೊಂದು. ಎರಡನೆಯದಕ್ಕೆ ಸಾಕ್ಷಿ ಇರಲ್ಲ. ಅದಕ್ಕೇ ಅದು ಮಾಡೋದು ಸುಲಭ.

ಇಷ್ಟು ವರ್ಷ ನಾನು ಆ ಹಾಡನ್ನು ಮೋಸ ಹೋದವನ ಜಾಗದಲ್ಲಿ ಕೂತೇ ಕೇಳಿದ್ದೆ. ನೀವೂ ಬಹುಶಃ ಹಾಗೇ ಕೇಳಿರ್ತೀರಿ. ಮೋಸ ಮಾಡಿದವನ ಬಾಯಲ್ಲಿ ಹಾಡು ಇರೋದು ಅಪರೂಪ, ಹಾಗಾಗಿ ಆ ಕಡೆಯ ಕುರ್ಚಿ ಖಾಲಿ ಅಂತಲೇ ಅಂದುಕೊಂಡಿರ್ತೀವಿ.

ಈ ದೀಪಾವಳಿಗೆ ಊರಿಗೆ ಹೋಗಿದ್ದೆ. ಈಗ ಅಡಿಕೆ ಸುಲಿಯೋಕೆ ಮಷೀನು ಬಂದಿದೆ. ಅದನ್ನು ಆಫ್ ಮಾಡಿಸಿ ಹೇಳಿದೆ: “ನಾನು ಬರಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ನಿಂಗೆ ಹೇಳ್ಲಿಲ್ಲ. ತಪ್ಪು ಮಾಡಿದೆ.”

ಅವನು ಸ್ವಲ್ಪ ಹೊತ್ತು ಅಂಗೈ ಮೇಲಿನ ಅಡಿಕೆ ಕರೆ ನೋಡ್ತಾ ಕೂತ. “ಆವಾಗ್ಲೇ ಹೇಳಿದ್ರೆ ನಾನು ಪುಣೆಗೆ ಹೋಗ್ತಿದ್ದೆ ಅಣ್ಣ” ಅಂದ. ಕೋಪ ಇರಲಿಲ್ಲ. ಎದ್ದು ಹೋಗಿ ಮಷೀನು ಹಾಕಿದ.

ನಾನು ಕ್ಷಮೆ ಕೇಳಿದ್ದಕ್ಕೆ ಅವನ ಪುಣೆ ವಾಪಸ್ ಬರಲ್ಲ. ಆದರೆ ಅವತ್ತಿನಿಂದ ‘ನೋಡೋಣ’ ಅನ್ನೋ ಮುಂಚೆ ಒಂದು ಕ್ಷಣ ತಡೀತೀನಿ. ಆಫೀಸಿನಲ್ಲಿ ಪ್ರಮೋಷನ್‌ಗೆ ಕಾಯ್ತಿರೋ ಜೂನಿಯರ್ ಹುಡುಗನ ಹತ್ರ ಆಗಲಿ, ಫೋನಿನಲ್ಲಿ ಅಮ್ಮನ ಹತ್ರ ಆಗಲಿ. ಉತ್ತರ ‘ಇಲ್ಲ’ ಅಂತಿದ್ದರೆ ಇಲ್ಲ ಅಂತಲೇ ಹೇಳಬೇಕು. ಕೇಳಿದವರಿಗೆ ಬೇಜಾರಾಗಬಹುದು, ಆದರೆ ಅವರ ವರ್ಷಗಳು ಅವರ ಕೈಯಲ್ಲೇ ಉಳೀತವೆ.