ಅವನೇ ಇವನು

1962ರ ಅಕ್ಟೋಬರ್ 21, ಭಾನುವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್‌ನಲ್ಲಿ ಅಮೆರಿಕದ ಬ್ಲೂಸ್ ಕಲಾವಿದರ ಕಛೇರಿ. ಜಾನ್ ಲೀ ಹೂಕರ್, ಟಿ-ಬೋನ್ ವಾಕರ್, ಮೆಂಫಿಸ್ ಸ್ಲಿಮ್, ವಿಲ್ಲೀ ಡಿಕ್ಸನ್ ಎಲ್ಲರೂ ಒಂದೇ ವೇದಿಕೆಯಲ್ಲಿ. ಕೇಳುಗರ ನಡುವೆ, ಮುಂದೆ ರಾಕ್ ಸಂಗೀತದಲ್ಲಿ ಹೆಸರಾದ ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್, ಬ್ರಯಾನ್ ಜೋನ್ಸ್, ಜಿಮ್ಮಿ ಪೇಜ್ ಎಂಬ ಎಳೆಯ ಹುಡುಗರಿದ್ದರು. ಇದಕ್ಕಾಗಿಯೇ ದಕ್ಷಿಣ ಇಂಗ್ಲೆಂಡಿನಿಂದ ಬಂದವರು.

ಬ್ಲೂಸ್ ಅವರಿಗೆ ಹೊಸದಲ್ಲ. ಜ್ಯಾಗರ್ ಚಿಕಾಗೋದ ಚೆಸ್ ಕಂಪನಿಯಿಂದ ಅಂಚೆಯಲ್ಲಿ ರೆಕಾರ್ಡು ತರಿಸುತ್ತಿದ್ದ. ಹೂಕರ್ 1948ರಲ್ಲಿ ಡೆಟ್ರಾಯಿಟ್‌ನಲ್ಲಿ ಧ್ವನಿಮುದ್ರಿಸಿದ ‘ಬೂಗಿ ಚಿಲ್ಲನ್’ ಹಾಡಿನಲ್ಲಿ ಗಿಟಾರಿನ ಜೊತೆಗೆ ಅವರ ಕಾಲಿನ ತಾಳವೂ ಕೇಳಿಸುತ್ತದೆ. ವರ್ಷಗಟ್ಟಲೆ ಬರಿಯ ಸದ್ದಾಗಿ ಮನೆಗೆ ಬರುತ್ತಿದ್ದ ಮನುಷ್ಯ ಈಗ ಕಣ್ಣೆದುರು ನಿಂತರೆ ಆ ಕ್ಷಣದ ಅರಿವಿಗೆ ಏನೆನ್ನಬೇಕು? ಅದು ಹೊಸ ಅನುಭವವೋ, ಹಳೆಯದರ ನೆನಪೋ?

ಭಾರತೀಯ ತತ್ತ್ವಶಾಸ್ತ್ರದ ನ್ಯಾಯದರ್ಶನ ಈ ಅರಿವನ್ನು ಪ್ರತ್ಯಭಿಜ್ಞೆ, ಅಂದರೆ ಗುರುತಿಸುವಿಕೆ, ಎನ್ನುತ್ತದೆ. ಅಲ್ಲಿನ ಹಳೆಯ ಉದಾಹರಣೆ, ‘ಅವನೇ ಈ ದೇವದತ್ತ’. ಬರಿಯ ಸ್ಮೃತಿ ಹುಟ್ಟುವುದು ಹಿಂದಿನ ಅನುಭವ ಉಳಿಸಿದ ಸಂಸ್ಕಾರದಿಂದ. ಅದು ಹೊಸದೇನನ್ನೂ ತಿಳಿಸುವುದಿಲ್ಲವಾದ್ದರಿಂದ ನೈಯಾಯಿಕರು ಅದನ್ನು ಪ್ರಮಾಣಗಳ, ಅಂದರೆ ಸರಿಯಾದ ಅರಿವಿನ ಸಾಧನಗಳ, ಸಾಲಿಗೆ ಸೇರಿಸಲಿಲ್ಲ. ಪ್ರತ್ಯಭಿಜ್ಞೆಯ ಲೆಕ್ಕ ಬೇರೆ. ಅಲ್ಲಿ ಸಂಸ್ಕಾರವೂ ಬೇಕು, ಇಂದ್ರಿಯದ ಎದುರು ವಸ್ತುವೂ ಬೇಕು. ಹಾಗಾಗಿ ಅದು ಪ್ರತ್ಯಕ್ಷದ ಒಂದು ಬಗೆ. ಜ್ಯಾಗರ್ ಮುಂದೆಂದೋ ಆ ರಾತ್ರಿಯನ್ನು ನೆನೆದರೆ ಅದು ಸ್ಮೃತಿ. ಆ ರಾತ್ರಿಯೇ ಹೂಕರ್ ಅವರನ್ನು ಗುರುತಿಸಿದ್ದು ಪ್ರತ್ಯಭಿಜ್ಞೆ.

ಇಲ್ಲಿಂದ ಗೌತಮನ ನ್ಯಾಯಸೂತ್ರ ದಿಟ್ಟ ಹೆಜ್ಜೆಯೊಂದನ್ನು ಇಡುತ್ತದೆ. ಕಣ್ಣಿನಿಂದ ಕಂಡದ್ದನ್ನೇ ಕೈಯಿಂದ ಮುಟ್ಟಿ ‘ಅದೇ ಇದು’ ಎನ್ನುತ್ತೇವೆ. ಕಣ್ಣಿಗೆ ಸ್ಪರ್ಶ ತಿಳಿಯದು, ಚರ್ಮಕ್ಕೆ ರೂಪ ತಿಳಿಯದು. ಎರಡನ್ನೂ ತನ್ನದಾಗಿಸಿಕೊಂಡು ಹೊಂದಿಸುವವನು ಒಬ್ಬ ಇರಲೇಬೇಕು, ಅವನೇ ಆತ್ಮ. ಮ್ಯಾಂಚೆಸ್ಟರಿನಲ್ಲಿ ಕಿವಿ ಅರಿತಿದ್ದವನನ್ನು ಕಣ್ಣು ಕಂಡಿತು. ಅಂದು ಕೇಳಿದವನೂ ಇಂದು ನೋಡುವವನೂ ಒಬ್ಬನೇ ಆಗಿರದಿದ್ದರೆ ‘ಇವರೇ ಆ ಹೂಕರ್’ ಎಂಬ ಉದ್ಗಾರಕ್ಕೆ ಎಡೆಯೇ ಇಲ್ಲ. ಗುರುತಿಸುವ ವಸ್ತುವಿನಿಂದ ಗುರುತಿಸುವವನ ಕಡೆಗೆ ತಿರುಗುವ ಈ ವಾದ ಭಾರತೀಯ ಚಿಂತನೆಯ ಅತ್ಯಂತ ಸುಂದರ ತಿರುವುಗಳಲ್ಲೊಂದು.

ಬೌದ್ಧರು ಇದನ್ನು ಒಪ್ಪಲಿಲ್ಲ. ಎಲ್ಲವೂ ಕ್ಷಣಿಕ; ‘ಅದು’ ಎಂಬುದು ನೆನಪು, ‘ಇದು’ ಎಂಬುದು ನೋಟ, ಹೋಲಿಕೆಯಿಂದಾಗಿ ಎರಡೂ ಒಂದೆನಿಸುತ್ತವೆ ಎಂದರು. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನು ‘ಅದೇ ಕೂದಲು’ ಎನ್ನುವುದಿಲ್ಲವೇ? ಆಕ್ಷೇಪ ಹಗುರವಾದದ್ದಲ್ಲ. ರೆಕಾರ್ಡಿನ 1948ರ ದನಿ, ವೇದಿಕೆಯ 1962ರ ದನಿ ಒಂದೇ ಎಂದು ಸಾಧಿಸುವುದು ಸುಲಭವೂ ಅಲ್ಲ.

ಗುರುತು ತಪ್ಪುವುದೂ ಉಂಟು. 1958ರಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಮೊದಲ ಸಲ ಇಂಗ್ಲೆಂಡಿಗೆ ಬಂದರು. 1951ರಿಂದ ಯುರೋಪಿನಲ್ಲಿ ಹಾಡುತ್ತಿದ್ದ ಬಿಗ್ ಬಿಲ್ ಬ್ರೂಂಜಿ ಅವರನ್ನು ಕೇಳಿದ್ದವರ ಮನಸ್ಸಿನಲ್ಲಿ ಬ್ಲೂಸ್ ಎಂದರೆ ಒಬ್ಬಂಟಿ ಗಾಯಕ, ಮೆಲುದನಿಯ ಅಕೌಸ್ಟಿಕ್ ಗಿಟಾರು. ಮಡ್ಡಿಯ ಕೈಯಲ್ಲಿದ್ದದ್ದು ಎಲೆಕ್ಟ್ರಿಕ್ ಗಿಟಾರು, ಪಕ್ಕದಲ್ಲಿ ಪಿಯಾನೋ ನುಡಿಸುವ ಓಟಿಸ್ ಸ್ಪ್ಯಾನ್. ಕೆಲವರು ಕಂಗಾಲಾದರು.

ಹತ್ತನೆಯ ಶತಮಾನದ ಕಾಶ್ಮೀರದ ಉತ್ಪಲದೇವ ತನ್ನ ‘ಈಶ್ವರಪ್ರತ್ಯಭಿಜ್ಞಾಕಾರಿಕೆ’ಯ ಕೊನೆಯಲ್ಲಿ ಇಂಥದೇ ಸಂದರ್ಭವನ್ನು ಚಿತ್ರಿಸುತ್ತಾನೆ. ಹಂಬಲಿಸಿ ಬೇಡಿಕೊಂಡ ನಲ್ಲ ಬಂದು ಪಕ್ಕದಲ್ಲೇ ನಿಂತಿದ್ದರೂ ಗುರುತು ಹತ್ತದ ಹೆಣ್ಣಿಗೆ ಅವನು ನಾಲ್ವರಲ್ಲಿ ಒಬ್ಬ, ಸುಖವಿಲ್ಲ. ಉತ್ಪಲದೇವನ ಮಾತು ಶಿವನ ಕುರಿತದ್ದು: ತನ್ನೊಳಗಿನ ಈಶ್ವರನನ್ನು ಜೀವ ಹೊಸದಾಗಿ ಪಡೆಯಬೇಕಿಲ್ಲ, ಗುರುತಿಸಿದರೆ ಸಾಕು.

1963ರಲ್ಲಿ ಮಡ್ಡಿ ಮತ್ತೆ ಬಂದಾಗ ಹಿಂದಿನ ಮುನಿಸನ್ನು ನೆನೆದು ಅಕೌಸ್ಟಿಕ್ ಗಿಟಾರು ಹಿಡಿದರು. ಅಷ್ಟರಲ್ಲಿ ಇಂಗ್ಲಿಷ್ ಹುಡುಗರ ಸಂಸ್ಕಾರವೇ ಬದಲಾಗಿತ್ತು. ಅವರು ಕಾದು ಕುಳಿತಿದ್ದದ್ದು ಆ ಎಲೆಕ್ಟ್ರಿಕ್ ಗಿಟಾರಿಗೆ.