ಕಾಯಕ ನಿಂತಾಗ ಋಣ ಯಾರದು?

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತು. ಬಳ್ಳಾರಿಯಲ್ಲಿ ಅದು ನಾಲ್ಕು ವಾರ ಮೊದಲೇ, ಜುಲೈ 29ರಂದು ನಿಂತಿತ್ತು. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯೂ ಆ ಜುಲೈನಲ್ಲೇ ಹೊರಬಿದ್ದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಯೂ ನಾಡಿಗೆ ಉಪಕಾರ ಮಾಡಿದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳನ್ನು ಆ ವೇಗದಲ್ಲಿ ಬಗೆಯಲು ಬಿಟ್ಟಿದ್ದರೆ ಉಳಿಯುತ್ತಿದ್ದುದೇನು? ಭೀಮಸಮುದ್ರದ ಅಡಿಕೆ ತೋಟದವರಿಗೆ ಅದಿರು ಲಾರಿಗಳ ಕೆಂಧೂಳು ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಆದೇಶ ಗುಡ್ಡವನ್ನು ಉಳಿಸಿದ ದಿನವೇ ಡಂಪರ್ ಓಡಿಸುವವನ, ಅದಿರು ಜರಡಿ ಹಿಡಿಯುವ ಹೆಂಗಸಿನ, ಸಾಲ ಮಾಡಿ ಲಾರಿ ಕೊಂಡವನ, ಗಣಿ ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನ ದುಡಿಮೆಯೂ ನಿಂತಿತು. ಎಲ್ಲರ ಒಳಿತಿಗಾಗಿ ಕೆಲವರ ಕೆಲಸವನ್ನು ನಿಲ್ಲಿಸಿದರೆ, ಆ ಎಲ್ಲರೂ ಆ ಕೆಲವರಿಗೆ ಏನನ್ನು ಕೊಡಬೇಕಾಗುತ್ತದೆ? ಸರ್ಕಾರಗಳು ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ‘ಮರುತರಬೇತಿ’. ಇದನ್ನು ಆಡಳಿತದ ಪ್ರಶ್ನೆಯೆಂದು ಬದಿಗಿಡುವುದು ಸುಲಭ. ನನ್ನ ಮಟ್ಟಿಗೆ ಇದು ಧರ್ಮದ ಪ್ರಶ್ನೆ, ಅದರಲ್ಲೂ ಕಾಯಕವನ್ನು ನಂಬಿದ ನೆಲ ತಪ್ಪಿಸಿಕೊಳ್ಳಲಾಗದ ಪ್ರಶ್ನೆ.

ಚಿತ್ರದುರ್ಗ ಅಂಥ ನೆಲ. ಮುರುಘಾಮಠ, ಸಿರಿಗೆರೆಯ ತರಳಬಾಳು ಪೀಠ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ, ದುರ್ಗದಲ್ಲೇ ಇರುವ ಮಾದಾರ ಚನ್ನಯ್ಯ ಗುರುಪೀಠ ಮತ್ತು ಸಿದ್ಧರಾಮೇಶ್ವರರ ಹೆಸರಿನ ಭೋವಿ ಗುರುಪೀಠ, ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಇಲ್ಲಿ ಕಾಯಕದ ಮಾತು ಕಿವಿಗೆ ಬೀಳದ ದಿನವಿಲ್ಲ. ಆದರೆ ಆ ಉಪದೇಶ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಹರಿಯುತ್ತದೆ: ದುಡಿಯುವವನಿಗೆ ದುಡಿ ಎಂದು ಹೇಳುವುದು. ಶರಣರ ಕಥೆಗಳನ್ನು ಗಮನಿಸಿ ಓದಿದರೆ ಬೇರೊಂದು ಸಂಗತಿಯೂ ಕಾಣುತ್ತದೆ. ನುಲಿಯ ಚಂದಯ್ಯ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿತ್ತು, ಆತ ಕೆಲಸ ಬಿಟ್ಟು ಅದನ್ನು ಎತ್ತಿಕೊಳ್ಳಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿತು ಎಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ದೈವಕ್ಕಿಂತಲೂ ಮೊದಲ ಮಾನ ಕೆಲಸಕ್ಕೆ ಎನ್ನುತ್ತದೆ ಒಂದು ಕಥೆ. ದುಡಿಯದೆ ಬಂದದ್ದು ನಮ್ಮದಲ್ಲ ಎನ್ನುತ್ತದೆ ಇನ್ನೊಂದು. ಈ ಎರಡನ್ನೂ ನಿಜವೆಂದು ಒಪ್ಪಿದವರು ಅದರ ಮುಂದಿನ ಹೆಜ್ಜೆಯನ್ನೂ ಇಡಬೇಕು. ಕೆಲಸ ಪೂಜೆಯೇ ಆಗಿದ್ದರೆ, ಒಬ್ಬನ ಕೆಲಸ ನಿಲ್ಲಿಸುವುದು ಅವನ ಗುಡಿಗೆ ಬೀಗ ಹಾಕಿದಂತೆ. ಬೀಗ ಹಾಕಲು ಎಷ್ಟೇ ಒಳ್ಳೆಯ ಕಾರಣವಿರಲಿ, ಹಾಕಿದವರ ಮೇಲೆ ಋಣ ಬೀಳುತ್ತದೆ. ಆ ಋಣ ಬರೀ ಹಣದಿಂದ ತೀರುವುದಿಲ್ಲ, ಏಕೆಂದರೆ ಕಿತ್ತುಕೊಂಡದ್ದು ಬರೀ ಹಣವಲ್ಲ. ಒಂದು ಪ್ರಮಾಣಪತ್ರದಿಂದಲೂ ತೀರುವುದಿಲ್ಲ. ಇನ್ನೊಂದು ಕಾಯಕ ಕೈಗೆ ಸಿಕ್ಕುವವರೆಗೆ ಅದು ಬಾಕಿ.

ಇದಕ್ಕೆ ತಕ್ಷಣ ಬರುವ ಆಕ್ಷೇಪವೊಂದಿದೆ: ಅಕ್ರಮ ಗಣಿಯಲ್ಲಿ ದುಡಿದವರು ಅಕ್ರಮದಲ್ಲಿ ಪಾಲುದಾರರು, ಪಾಪದ ಕೂಲಿ ನಿಂತರೆ ಯಾರು ಯಾರಿಗೆ ಋಣಿ? ಶರಣರು ಸತ್ಯಶುದ್ಧ ಕಾಯಕವನ್ನೇ ಕಾಯಕವೆಂದರು, ಆದ್ದರಿಂದ ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಗುತ್ತಿಗೆ ಪ್ರದೇಶದ ಗಡಿಕಲ್ಲು ಎಲ್ಲಿದೆ, ಪರ್ಮಿಟ್‌ನಲ್ಲಿ ಎಷ್ಟು ಟನ್ ಬರೆದಿದೆ ಎಂಬುದು ಅದಿರು ತುಂಬುವವನಿಗೆ ತಿಳಿಯುವ ವಿಷಯವೂ ಅಲ್ಲ, ಅವನು ತೀರ್ಮಾನಿಸುವ ವಿಷಯವೂ ಅಲ್ಲ. ಅದಕ್ಕಿಂತ ದೊಡ್ಡ ಉತ್ತರ ಕೋರ್ಟಿನ ಕ್ರಮದಲ್ಲೇ ಇದೆ. ಕೋರ್ಟೇ ರಚಿಸಿದ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. 2013ರ ಏಪ್ರಿಲ್ 18ರ ತೀರ್ಪು ಹೆಚ್ಚಿನ ಅಕ್ರಮ ನಡೆದ ಸಿ ವರ್ಗವನ್ನು ರದ್ದುಗೊಳಿಸಿ, ಉಳಿದವಕ್ಕೆ ಷರತ್ತಿನ ಮೇಲೆ ಮರುಜೀವ ಕೊಟ್ಟಿತು. ರಾಜ್ಯಕ್ಕೆ ವರ್ಷಕ್ಕೆ 3 ಕೋಟಿ ಟನ್ನಿನ ಮಿತಿ, ಅದರಲ್ಲಿ ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್ ಎಂದಾಯಿತು. ಮುಂದೆ ಮಿತಿ ಏರುತ್ತಾ 2022ರಲ್ಲಿ ಈ ಎರಡು ಜಿಲ್ಲೆಗಳ ಪಾಲು 1.5 ಕೋಟಿ ಟನ್ನಿಗೆ ಬಂತು. ಅಂದರೆ ಬಂಡವಾಳದ ತಪ್ಪನ್ನು ಅಳೆಯಲಾಯಿತು. ಕಡಿಮೆ ತಪ್ಪು ಮಾಡಿದವರಿಗೂ ತಪ್ಪೇ ಮಾಡದವರಿಗೂ ಹಿಂತಿರುಗುವ ದಾರಿಯನ್ನು ಬರೆದು ಕೊಡಲಾಯಿತು. ಕೂಲಿಯವರನ್ನು ಯಾರೂ ಹೀಗೆ ಎಣಿಸಿ ಬೇರ್ಪಡಿಸಲಿಲ್ಲ. ಗಣಿ ಮತ್ತೆ ತೆರೆದರೆ ಅವರ ಅದೃಷ್ಟ, ತೆರೆಯದಿದ್ದರೆ ಬೆಂಗಳೂರಿನ ಬಸ್ಸು. ಪಾಪಪುಣ್ಯದ ಲೆಕ್ಕ ಹಾಕುವುದಾದರೆ ಎರಡು ಕಡೆಯೂ ಹಾಕಬೇಕು.

ಕೆಲಸ ಕಳೆದುಕೊಂಡವರಿಗೆ ನಮ್ಮ ವ್ಯವಸ್ಥೆ ಏನು ಕೊಡುತ್ತಾ ಬಂದಿದೆ? 1992ರಲ್ಲಿ, ಉದಾರೀಕರಣದ ಬೆನ್ನಿಗೇ, ರಾಷ್ಟ್ರೀಯ ನವೀಕರಣ ನಿಧಿ ಬಂತು. ಕಾರ್ಮಿಕರಿಗೆ ಮರುತರಬೇತಿ, ಮರುನಿಯೋಜನೆ ಅದರ ಘೋಷಿತ ಗುರಿ. ಹಣದ ಬಹುಪಾಲು ಹೋದದ್ದು ಸಾರ್ವಜನಿಕ ಉದ್ಯಮಗಳ ಸ್ವಯಂನಿವೃತ್ತಿಗೆ. ಹತ್ತು ವರ್ಷ ತುಂಬುವ ಮೊದಲೇ ನಿಧಿಯೇ ಮುಚ್ಚಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತೆ ‘ಮರುಕೌಶಲ ನಿಧಿ’ಯ ಮಾತನಾಡುತ್ತದೆ. ಅದರ ಪ್ರಕಾರ ಕೆಲಸದಿಂದ ತೆಗೆದುಹಾಕಿದ ಕಾರ್ಮಿಕನ ಖಾತೆಗೆ ಅವನ ಕೊನೆಯ ಹದಿನೈದು ದಿನದ ವೇತನದಷ್ಟು ಹಣ 45 ದಿನಗಳೊಳಗೆ ಬೀಳಬೇಕು. ಹದಿನೈದು ದಿನದ ಸಂಬಳದಲ್ಲಿ ಮನೆ ನಡೆಸುತ್ತಾ ಯಾವ ಹೊಸ ಕಸುಬು ಕಲಿಯಲಾದೀತು? ಅದೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಗುತ್ತಿಗೆದಾರನ ಕೈಕೆಳಗೆ ಬಾಯಿಮಾತಿನ ಮೇಲೆ ದಿನಗೂಲಿಗೆ ಬಂದವರನ್ನು ಕಾನೂನು ಕೆಲಸದಿಂದ ತೆಗೆದುಹಾಕಿದವರೆಂದು ಗುರುತಿಸುವುದೇ ಕಷ್ಟ. ಇನ್ನುಳಿದದ್ದು ಎಲ್ಲ ಜಿಲ್ಲೆಗೂ ಒಂದೇ ಅಚ್ಚಿನಲ್ಲಿ ಬರುವ ಕೌಶಲ ಕೋರ್ಸುಗಳು: ಹೊಲಿಗೆ, ಕಂಪ್ಯೂಟರ್, ಮೊಬೈಲ್ ರಿಪೇರಿ. ಅವುಗಳನ್ನು ಹೀಗಳೆಯಲಾರೆ, ಮೊದಲ ಕೆಲಸ ಹುಡುಕುವ ಹುಡುಗರಿಗೆ ಅವು ಬೇಕು. ನಲವತ್ತೈದು ವರ್ಷದ, ಇಪ್ಪತ್ತು ವರ್ಷ ಭಾರಿ ಯಂತ್ರ ನಡೆಸಿದ ಕೈಗೆ ಅವು ಹೊಂದುವುದಿಲ್ಲ. ಈ ಯೋಜನೆಗಳ ಒಳಗೊಂದು ಹೇಳದ ನಂಬಿಕೆ ಕುಳಿತಿದೆ: ಕೆಲಸ ಹೋದದ್ದು ಕೆಲಸಗಾರನಲ್ಲಿದ್ದ ಯಾವುದೋ ಕೊರತೆಯಿಂದ, ಅದನ್ನು ತುಂಬಿದರೆ ಸರಿಹೋಗುತ್ತದೆ ಎಂಬುದು. ದುರ್ಗದ ಗಣಿಯಲ್ಲಿ ಕೊರತೆ ಇದ್ದದ್ದು ಕೆಲಸಗಾರನ ಕೈಯಲ್ಲಲ್ಲ. ಕಾವಲು ಕಾಯಬೇಕಿದ್ದ ಆಡಳಿತ ವರ್ಷಗಟ್ಟಲೆ ಕಣ್ಣು ಮುಚ್ಚಿತು, ಕೋರ್ಟು ಒಂದೇ ದಿನ ಕಣ್ಣು ತೆರೆಯಿತು.

ಧರ್ಮದ ಕಡೆಯಿಂದಲೇ ಎದುರಾಗುವ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಮುಖ್ಯ. ಸ್ವಧರ್ಮವನ್ನು ಬಿಡಬಾರದೆಂದು ಗೀತೆ ಹೇಳುತ್ತದೆ. ಶರಣರ ಹೆಸರುಗಳಲ್ಲೇ ಕಸುಬು ಅಂಟಿಕೊಂಡಿದೆ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ. ಹಾಗಿದ್ದಮೇಲೆ ಮನುಷ್ಯನನ್ನು ಒಂದು ಕಸುಬಿನಿಂದ ಕಿತ್ತು ಇನ್ನೊಂದರಲ್ಲಿ ನೆಡುವುದೇ ಅವನ ಆತ್ಮಕ್ಕೆ ಮಾಡುವ ಅಪಚಾರವಲ್ಲವೇ? ಕಾಯಕವನ್ನು ಜಾತಿಯ ಕಸುಬಿಗೆ ಕಟ್ಟಿಹಾಕುವ ಈ ಓದು ಹನ್ನೆರಡನೆಯ ಶತಮಾನದ ಅರ್ಧ ಸತ್ಯ ಮಾತ್ರ. ಕಳ್ಳತನ ಮಾಡುತ್ತಿದ್ದವನೆಂದು ಹೆಸರಾದ ಕನ್ನದ ಮಾರಿತಂದೆ ಅದೇ ಅನುಭವ ಮಂಟಪದಲ್ಲಿದ್ದ. ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಅಲ್ಲಿಯ ಪೀಠವೇರಿದ. ಕೆರೆ ಕಟ್ಟಿಸುವುದೇ ಬದುಕೆಂದುಕೊಂಡಿದ್ದ ಸಿದ್ಧರಾಮ ಕಲ್ಯಾಣಕ್ಕೆ ಬಂದು ತನ್ನ ಕೆಲಸವನ್ನೇ ಹೊಸ ಕಣ್ಣಿನಿಂದ ನೋಡಿದ. ಕಸುಬಿಗೆ ಮಾನ ಕೊಟ್ಟದ್ದು ಆ ಚಳವಳಿ, ಕಸುಬಿಗೆ ಬೇಲಿ ಹಾಕಿದ್ದಲ್ಲ. ಆದರೂ ಈ ಆಕ್ಷೇಪದಿಂದ ಒಂದನ್ನು ಉಳಿಸಿಕೊಳ್ಳಬೇಕು: ಕೈಯಲ್ಲಿ ಈಗಾಗಲೇ ಇರುವ ವಿದ್ಯೆಯನ್ನು ಶೂನ್ಯವೆಂದು ಎಣಿಸುವ ತರಬೇತಿ ಅವಮಾನಕರ. ಬದಲಾವಣೆ ಆ ವಿದ್ಯೆಯಿಂದಲೇ ಹೊರಡಬೇಕು.

ಸರ್ಕಾರ ಎಲ್ಲರಿಗೂ ಕೆಲಸದ ಖಾತರಿ ಕೊಡಲಾರದು, ಕಲಿಸಬಹುದಷ್ಟೆ ಎನ್ನುವವರಿಗೆ ಜರ್ಮನಿಯ ರೂರ್ ಕಣಿವೆಯನ್ನು ತೋರಿಸಬೇಕಾಗುತ್ತದೆ. ಅಲ್ಲಿ 2007ರಲ್ಲೇ ಕಲ್ಲಿದ್ದಲು ಗಣಿಗಳಿಗೆ 2018 ಕೊನೆಯ ವರ್ಷವೆಂದು ನಿಶ್ಚಯಿಸಿದರು. ನಡುವಿನ ವರ್ಷಗಳಲ್ಲಿ ಬೇಗನೆ ನಿವೃತ್ತಿ, ಬೇರೆ ಗಣಿಗೆ ವರ್ಗ, ಬೇರೆ ಉದ್ಯೋಗಕ್ಕೆ ತರಬೇತಿ ಎಲ್ಲವೂ ನಡೆದು, 2018ರ ಡಿಸೆಂಬರ್‌ನಲ್ಲಿ ಬೊಟ್ರೊಪ್‌ನ ಕೊನೆಯ ಗಣಿ ಮುಚ್ಚಿತು. ಅವರು ಶ್ರೀಮಂತರು, ಅವರಿಗೆ ಹನ್ನೊಂದು ವರ್ಷ ಸಮಯವಿತ್ತು, ನಮಗೆ ಒಂದು ದಿನವೂ ಇರಲಿಲ್ಲ, ನಿಜ. ಆದರೆ ಹತ್ತಿರದ ಉದಾಹರಣೆಯೂ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆ ಚಿತ್ರದುರ್ಗದಲ್ಲೂ ಇದೆ. ಊಟ ವಸತಿಯೊಂದಿಗೆ ಉಚಿತ ತರಬೇತಿ, ನಂತರ ಬ್ಯಾಂಕ್ ಸಾಲಕ್ಕೆ ದಾರಿ, ಕಲಿತವರ ಬೆನ್ನಿಗೆ ನಿಂತು ಎರಡು ವರ್ಷ ವಿಚಾರಿಸಿಕೊಳ್ಳುವ ಪದ್ಧತಿ ಅದರದು. ಈ ಮಾದರಿಯನ್ನೇ ಮುಂದೆ ದೇಶವೆಲ್ಲ ತೆಗೆದುಕೊಂಡಿತು. ಕಲಿಸಿ ಕೈಬಿಡುವುದಕ್ಕೂ ನೆಲೆ ನಿಲ್ಲುವವರೆಗೆ ಜೊತೆಗಿರುವುದಕ್ಕೂ ಇರುವ ಅಂತರವನ್ನು ಧಾರ್ಮಿಕ ಪ್ರೇರಣೆಯಿಂದ ಹುಟ್ಟಿದ ಸಂಸ್ಥೆಯೊಂದು ಕಂಡುಕೊಂಡದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಲಕ್ಕಮ್ಮನ ನಿಷ್ಠುರತೆಯನ್ನು ಉದಾಹರಿಸಿ ತರಬೇತಿ ಕಾಲದ ಭತ್ಯೆಯನ್ನು ಭಿಕ್ಷೆ ಎನ್ನುವವರೂ ಇದ್ದಾರೆ. ಅವಳು ಹಿಂದಿರುಗಿಸಿದ್ದು ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು, ಹಸಿವಿಗೆ ಬೇಕಾದ ಅಕ್ಕಿಯನ್ನಲ್ಲ.

ಈ ವಾದಕ್ಕೆ ಒಂದು ಎಲ್ಲೆಯೂ ಇದೆ, ಅದನ್ನು ಮರೆಮಾಡಬಾರದು. ಇಂಗಳದಾಳಿನ ತಾಮ್ರದ ಗಣಿ ಮುಚ್ಚಿದ್ದು ಕೋರ್ಟಿನ ಆದೇಶದಿಂದಲ್ಲ, ನಷ್ಟದಿಂದ. ಹಿರಿಯೂರಿನ ಸಕ್ಕರೆ ಕಾರ್ಖಾನೆ ಮುಚ್ಚಿ ಬಹುಕಾಲವಾಯಿತು. 1933ರಲ್ಲಿ ಕೋಡಿ ಬಿದ್ದ ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಸೀಮೆಯಲ್ಲಿ ಕಬ್ಬನ್ನು ನಂಬಿದ ಕಾರ್ಖಾನೆಗೆ ಆಯಸ್ಸೆಷ್ಟು? ಬರ ಮತ್ತು ಮಾರುಕಟ್ಟೆ ಕಸಿದುಕೊಂಡ ಕೆಲಸಕ್ಕೆ ಸಮಾಜ ತೋರಿಸಬೇಕಾದದ್ದು ಕರುಣೆ. ಸಮಾಜವೇ ತನ್ನ ಒಳಿತಿಗಾಗಿ ನಿಲ್ಲಿಸಿದ ಕೆಲಸಕ್ಕೆ ಕೊಡಬೇಕಾದದ್ದು ಬಾಕಿ. ಎರಡನ್ನೂ ಒಂದೇ ಯೋಜನೆಯ ಒಂದೇ ಅರ್ಜಿ ನಮೂನೆಯಲ್ಲಿ ಕಲಸಿಬಿಟ್ಟರೆ ಬಾಕಿಯೂ ಕರುಣೆಯ ವೇಷ ಹಾಕುತ್ತದೆ, ಕೇಳುವವನು ಕೈ ಚಾಚಿದವನಾಗುತ್ತಾನೆ.

ಗಣಿಯ ವಿಷಯದಲ್ಲಿ ಬಾಕಿ ತೀರಿಸಲು ಹಣವಿಲ್ಲವೆನ್ನುವಂತಿಲ್ಲ. ಅದಿರು ಹರಾಜಿನಿಂದ ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ಗಣಿ ಪ್ರದೇಶದ ಪುನಶ್ಚೇತನಕ್ಕೆಂದೇ ಕರ್ನಾಟಕ ಗಣಿ ಪರಿಸರ ಪುನಃಸ್ಥಾಪನಾ ನಿಗಮದ ಬಳಿ ಇದೆ. ಅದರ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಆದ್ಯತೆಗಳಲ್ಲಿ ಕೌಶಲಾಭಿವೃದ್ಧಿಯೂ ಸೇರಿದೆ. ಗುಡ್ಡದ ಇಳಿಜಾರಿಗೆ ತಡೆಗೋಡೆ, ಹೂಳು ತಡೆಯುವ ಚೆಕ್‌ಡ್ಯಾಂ, ಮಣ್ಣಿನ ರಾಶಿಗಳ ಮೇಲೆ ಗಿಡ ನೆಟ್ಟು ಹಿಡಿದಿಡುವುದು, ಕೆರೆಗೆ ಹರಿದ ಅದಿರಿನ ಹೂಳನ್ನು ಎತ್ತುವುದು, ಇವೆಲ್ಲ ಯಂತ್ರ ಬಲ್ಲವರಿಗೆ, ಆ ಗುಡ್ಡದ ನಡೆ ಬಲ್ಲವರಿಗೆ ಒಪ್ಪುವ ಕೆಲಸಗಳು, ವರ್ಷಗಟ್ಟಲೆ ನಡೆಯುವ ಕೆಲಸಗಳು. ಕೂಲಿಯವರಿಗಿಂತ ಧೂಳು ತಿಂದ ರೈತರಿಗೆ ಮೊದಲ ಹಕ್ಕು ಎನ್ನುವವರಿಗೂ ಇಲ್ಲಿ ಜಗಳವಿಲ್ಲ, ಏಕೆಂದರೆ ರೈತನ ಹೊಲ ಸರಿಯಾಗುವುದೂ ಇದೇ ಕೈಗಳಿಂದ. ಇದಕ್ಕೆ ಬೇಕಾದ ಮೊದಲ ಕಾಗದ ತರಬೇತಿಯ ಪಠ್ಯಕ್ರಮವಲ್ಲ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ 2011ರ ಆಗಸ್ಟ್‌ನಲ್ಲಿ ಯಾರ ಕೆಲಸ ನಿಂತಿತು, ಅವರು ಏನು ಬಲ್ಲವರು, ಈಗ ಎಲ್ಲಿದ್ದಾರೆ ಎಂದು ಬರೆದ ಪಟ್ಟಿ. ಕಾಯಕವನ್ನು ಬೋಧಿಸುವ ಮಠಗಳು ಪಂಚಾಯಿತಿಯ ಜೊತೆ ಕೂತು ಆ ಪಟ್ಟಿಯನ್ನು ಬರೆಸಲಿ, ನಿಗಮದ ಮುಂದಿಟ್ಟು ಪ್ರತಿ ಹೆಸರಿಗೂ ಉತ್ತರ ಕೇಳಲಿ.