ತಿಗಣೆಯೂ ಗೃಹಸ್ಥನ ಅಹಿಂಸಾಣುವ್ರತವೂ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶ್ರಾವಕರ ಮನೆಗಳಲ್ಲಿ ಏಳಬಹುದಾದ ಪ್ರಶ್ನೆಯಿದು: ಹೊರಸಿನಲ್ಲಿ ತಿಗಣೆಯಾದರೆ ವ್ರತಿಯು ಏನು ಮಾಡಬೇಕು?

ತಿಗಣೆಯು ತ್ರೀಂದ್ರಿಯ ತ್ರಸಜೀವ. ಅದನ್ನು ಸಂಕಲ್ಪಪೂರ್ವಕ ಕೊಲ್ಲುವುದು ಅಣುವ್ರತಕ್ಕೆ ಭಂಗ. ಕೂಲಿಯವನಿಂದ ಔಷಧಿ ಹೊಡೆಸಿ ಪಾಪವೆಲ್ಲ ಅವನದೆನ್ನುವಂತಿಲ್ಲ. ಕೃತ, ಕಾರಿತ, ಅನುಮೋದನೆ ಮೂರರಲ್ಲಿಯೂ ದೋಷವುಂಟು. ಕೊಲ್ಲುವ ಉದ್ದೇಶದಿಂದ ಹೊರಸನ್ನು ಸುಡುಬಿಸಿಲಿಗೆ ಹಾಕುವುದೂ ಹಿಂಸೆಯೇ.

ಹಾಗಾದರೆ ಅವನ್ನು ಸಾಕುವುದು ದಯೆಯೇ? 1689ರಲ್ಲಿ ಪ್ರಯಾಣ ಹೊರಟು ಸೂರತ್ತಿಗೆ ಬಂದ ಓವಿಂಗ್ಟನ್ ಎಂಬ ಆಂಗ್ಲ ಪಾದ್ರಿಯು, ಅಲ್ಲಿ ತಿಗಣೆಗಳ ಆಹಾರಕ್ಕಾಗಿ ಬಡವನೊಬ್ಬನನ್ನು ಕೂಲಿ ಕೊಟ್ಟು ರಾತ್ರಿಯೆಲ್ಲ ಮಂಚದ ಮೇಲೆ ಮಲಗಿಸುತ್ತಿದ್ದರೆಂದು ಬರೆದಿದ್ದಾನೆ. ಪರರ ರಕ್ತದಿಂದ ಮಾಡಿದ ದಾನವು ದಾನವಲ್ಲ. ನಮ್ಮ ಅಲಕ್ಷ್ಯಕ್ಕೆ ಮಗುವಿನ ನಿದ್ರೆಯನ್ನು ತೆರುವುದೂ ಅಂಥದೇ.

ಹೆಣ್ಣು ತಿಗಣೆಯು ತನ್ನ ಆಯುಷ್ಯದಲ್ಲಿ ನೂರಾರು ತತ್ತಿಗಳನ್ನಿಡುತ್ತದೆ. ಆದ್ದರಿಂದ ಇಲ್ಲಿ ಪ್ರಮಾದವೇ ಹಿಂಸೆಯ ಬೀಜ. ಹಳೆಯ ಮಂಚ ಕೊಳ್ಳುವ ಮುನ್ನ ಸಂದುಗಳನ್ನು ನೋಡುವುದು, ಪ್ರವಾಸದ ಗಂಟನ್ನು ಹಾಸಿಗೆಯ ಮೇಲಿಡದಿರುವುದು, ಜೀವಗಳು ಸೇರುವ ಮೊದಲೇ ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು—ಇವಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಯತ್ನಾಚಾರ.

ಇಷ್ಟಾಗಿಯೂ ಅನ್ಯೋಪಾಯವಿಲ್ಲದಾದರೆ? ಗೃಹಸ್ಥನು ಮಹಾವ್ರತಿಯಲ್ಲ. ಆದರೆ ಮಾಡಿದುದನ್ನು ಧರ್ಮವೆಂದು ಕರೆಯದೆ ಪ್ರತಿಕ್ರಮಣ ಮಾಡಲಿ. ಮರುದಿನದಿಂದಲೇ ಸಂದುಗಳನ್ನು ನೋಡತೊಡಗಲಿ.